ಕತೆಯೊಳಗೆ ಬಾರದ ಕಾರ್ಖಾನೆ

ಯಶವಂತಪುರದಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ರಸ್ತೆಗಿಳಿದರೆ ಹೆಣ್ಣುಮಕ್ಕಳ ನಡಿಗೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಊಟದ ಡಬ್ಬಿಯ ಚೀಲ, ಕೊರಳಲ್ಲಿ ಐಡಿ ಕಾರ್ಡು. ಸೀರೆ, ಚೂಡಿದಾರ, ಬುರ್ಖಾ ಎಲ್ಲವೂ ಒಂದೇ ವೇಗದಲ್ಲಿ ತುಮಕೂರು ರಸ್ತೆ ಹಿಡಿದು ಗೊರಗುಂಟೆಪಾಳ್ಯದತ್ತ, ಪೀಣ್ಯದತ್ತ ಸಾಗುತ್ತವೆ. ಇವರನ್ನು ನಾವು 'ಗಾರ್ಮೆಂಟ್ಸ್‌ನವರು' ಎಂದು ಕರೆದು ಸುಮ್ಮನಾಗುತ್ತೇವೆ. ಕತೆ ಬರೆಯುವ ನಾವೂ ಅದಕ್ಕಿಂತ ಹೆಚ್ಚೇನನ್ನೂ ಹೇಳಿಲ್ಲ.

ದುಡಿಯುವ ಜಾಗ ಮನುಷ್ಯನ ಮನಸ್ಸನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಯಶವಂತ ಚಿತ್ತಾಲರ 'ಶಿಕಾರಿ' ಪ್ರಕಟವಾದದ್ದು 1979ರಲ್ಲಿ. ಮುಂಬಯಿಯ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತುಗೊಳ್ಳುತ್ತಾನೆ. ತನ್ನ ತಪ್ಪೇನೆಂಬುದೇ ಅವನಿಗೆ ತಿಳಿಯದು. ಯಾರನ್ನು ನಂಬಬೇಕು, ಯಾರು ಬೇಟೆಗಾರರು ಎಂಬುದೂ ತಿಳಿಯದು. ಸ್ವತಃ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದಿದ್ದ ಚಿತ್ತಾಲರಿಗೆ ಆ ಲೋಕದ ನಯವಾದ ಕ್ರೌರ್ಯ ಗೊತ್ತಿತ್ತು. ನಾಗಪ್ಪನೊಳಗೆ ಹಳೆಯ ಭಯಗಳು ಇದ್ದೇ ಇವೆ. ಆದರೆ ಮಲಗಿದ್ದ ಅವನ್ನು ತಟ್ಟಿ ಎಬ್ಬಿಸಿದ್ದು ಕಚೇರಿ. ಕಾದಂಬರಿಯ ಈ ತಿಳಿವಳಿಕೆಗೆ ಹತ್ತಿರವಾದ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನಲವತ್ತು ವರ್ಷಗಳ ಬಳಿಕ. 2019ರಲ್ಲಿ ಅದು 'ಬರ್ನೌಟ್' ಎಂಬುದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಕೆಲಸದ ಸ್ಥಳದ ನಿರಂತರ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಕರೆಯಿತು.

ಇಷ್ಟಾದರೂ 'ಶಿಕಾರಿ'ಯನ್ನು ಯಶವಂತಪುರದಲ್ಲಿ ಕುಳಿತು ಮತ್ತೆ ಓದಿದಾಗ ನಮಗೆ ಒಂದು ತಕರಾರು ಹುಟ್ಟುತ್ತದೆ. ನಾಗಪ್ಪನಿಗೆ ತನ್ನ ನೋವನ್ನು ಬಿಡಿಸಿ ನೋಡಲು ಬೇಕಾದಷ್ಟು ಹೊತ್ತಿದೆ, ಮಾತಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಎರಡೂ ಇಲ್ಲ.

ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ, ಹತ್ತು ವರ್ಷ ಅಂಗಿಯ ಕಾಲರ್ ಹೊಲಿದವರು. ಕೆಲಸ ಬಹಳ ಕಷ್ಟವೇ ಎಂದು ಒಮ್ಮೆ ಕೇಳಿದೆವು. "ಕೆಲಸ ಏನು ಕಷ್ಟ ಭಾಯ್, ಹೊಲಿಯೋದು ತಾನೆ. ಮಾತು ಕೇಳೋದು ಕಷ್ಟ. ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕು. ಹೋದ್ರೆ ಪೀಸು ಬಾಕಿ ಬೀಳತ್ತೆ. ಬಾಕಿ ಬಿದ್ರೆ ಎಲ್ಲರ ಎದುರಿಗೆ ಬೈತಾರೆ. ಅದಕ್ಕೆ ನೀರೇ ಕುಡಿಯಲ್ಲ" ಎಂದರು. ಹೇಳುವಾಗ ನಕ್ಕರು ಕೂಡ.

ಈ ಲೆಕ್ಕಾಚಾರವನ್ನು ಅರ್ಥ ಮಾಡಿಕೊಳ್ಳಬೇಕಾದರೆ 'ಲೈನ್' ಎಂಬುದನ್ನು ತಿಳಿಯಬೇಕು. ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಕಾಲರ್ ಒಬ್ಬರದು, ತೋಳು ಇನ್ನೊಬ್ಬರದು, ಕಫ್ ಮತ್ತೊಬ್ಬರದು. ಒಬ್ಬರ ಕೈ ನಿಂತರೆ ಅವರ ಹಿಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ಮುಂದಿನವರ ಕೈ ಖಾಲಿಯಾಗುತ್ತದೆ. ಸೂಪರ್‌ವೈಸರನ ತಲೆಯ ಮೇಲೆ ಗಂಟೆಗೆ ಇಂತಿಷ್ಟು ಪೀಸು ಎಂಬ ಟಾರ್ಗೆಟ್. ಅವನ ಮೇಲೆ ಇನ್‌ಚಾರ್ಜು, ಇನ್‌ಚಾರ್ಜಿನ ಮೇಲೆ ಮ್ಯಾನೇಜರು, ಎಲ್ಲರ ಮೇಲೆ ಸಮುದ್ರದಾಚೆಯ ಖರೀದಿದಾರ. ಅವನು ಬೈಯುವುದಿಲ್ಲ. ಬೆಲೆ ಇಳಿಸುತ್ತಾನೆ, ಗಡುವು ಬಿಗಿ ಮಾಡುತ್ತಾನೆ, ಅಷ್ಟೆ. ಅದು ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಬರುವ ಹೊತ್ತಿಗೆ ಬೈಗುಳವಾಗಿರುತ್ತದೆ. ಆ ಸೂಪರ್‌ವೈಸರನಿಗೆ ಸಭ್ಯತೆಯ ಪಾಠ ಹೇಳಿಕೊಟ್ಟರೆ ಅಥವಾ ಮಹಿಳಾ ದಿನದಂದು ಹೆಂಗಸರ ಕೈಗೆ ಗುಲಾಬಿ ಕೊಟ್ಟರೆ ಇದು ಸರಿಹೋಗುತ್ತದೆಂದು ನಂಬುವುದು ಕಷ್ಟ. (ಗುಲಾಬಿ ಕೊಟ್ಟದ್ದು ನಿಜವಂತೆ. ಹಿಡಿದುಕೊಂಡು ಹೊಲಿಯಲಾಗದೆ ಡಬ್ಬಿಯ ಚೀಲಕ್ಕೆ ತುರುಕಿದರಂತೆ.)

'ಇಲ್ಲ' ಎನ್ನಲು ಬಾರದ ಕಾರ್ಖಾನೆ ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು ಢಾಕಾದ ಹತ್ತಿರ ಸಾವಾರದಲ್ಲಿ ಜಗತ್ತು ಕಂಡಿತು. ರಾಣಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಕೆಲಸಗಾರರಿಗೂ ಗೊತ್ತಿತ್ತು. ಆದರೂ 2013ರ ಏಪ್ರಿಲ್ 24ರ ಬೆಳಗ್ಗೆ ಅವರು ಒಳಗೆ ಹೋಗಬೇಕಾಯಿತು. ಸತ್ತವರು 1,100ಕ್ಕೂ ಹೆಚ್ಚು.

ಬೆಂಗಳೂರಿನ ಹೆಂಗಸರು ಒಂದು ಬಗೆಯ 'ಇಲ್ಲ'ವನ್ನು ಕಂಡುಕೊಂಡಿದ್ದರು. ಸಹಿಸಲಾಗದಿದ್ದರೆ ಕೆಲಸ ಬಿಡುವುದು, ಪಿಎಫ್ ಹಣ ತೆಗೆದುಕೊಳ್ಳುವುದು, ಮಗಳ ಫೀಸನ್ನೋ ಕೈಸಾಲವನ್ನೋ ತೀರಿಸಿ ಮತ್ತೊಂದು ಕಾರ್ಖಾನೆಯ ಗೇಟಿಗೆ ಹೋಗುವುದು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಹೊಸೂರು ರಸ್ತೆ ತುಂಬಿತು. ಮರುದಿನ ತುಮಕೂರು ರಸ್ತೆಯೂ ತುಂಬಿತು. ಜಾಲಹಳ್ಳಿ ಕ್ರಾಸು, ಪೀಣ್ಯಗಳಲ್ಲಿ ಸಾವಿರಾರು ಹೆಂಗಸರು ಬೀದಿಯಲ್ಲಿದ್ದರು. ಕಲ್ಲು ಬಿದ್ದವು, ವಾಹನಗಳು ಸುಟ್ಟವು, ಲಾಠಿ ಬೀಸಿತು. ಅದೇ ದಿನ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು.

ಮುದುಕರಾದಾಗ ಬರುವ ಹಣಕ್ಕೆ ಇಷ್ಟೇಕೆ ಸಿಟ್ಟು ಎಂದು ಆಗ ನಮ್ಮ ಪರಿಚಿತರು ಹಲವರು ಕೇಳಿದ್ದುಂಟು. ಐವತ್ತೆಂಟರವರೆಗೆ ಯಾವ ಹೆಂಗಸು ಆ ಲೈನಿನಲ್ಲಿ ಕೂರಬಲ್ಲಳು ಎಂದು ಅವರು ಯೋಚಿಸಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಅಂದು ಬೀದಿಗೆ ಬಂದದ್ದು ಉಳಿತಾಯದ ಪ್ರಶ್ನೆ ಮಾತ್ರವಲ್ಲ. ಅವಮಾನದಿಂದ ಎದ್ದು ಹೊರನಡೆಯಲು ಅವರಿಗಿದ್ದ ಒಂದೇ ಬಾಗಿಲಿಗೆ ಯಾರೋ ಬೀಗ ಹಾಕಲು ಬಂದಿದ್ದರು. ಕಾರ್ಖಾನೆಯೊಳಗೆ ಕುಳಿತು ಮಾತಾಡುವ ಜಾಗವಿದ್ದಿದ್ದರೆ ಮಾತು ಹೆದ್ದಾರಿಯವರೆಗೆ ಬರಬೇಕಾಗಿತ್ತೇ?

ಇಷ್ಟು ದೊಡ್ಡ ಘಟನೆ ನಮ್ಮ ಮನೆಯ ಮುಂದೆಯೇ ನಡೆದುಹೋಯಿತು. ಅದರಿಂದ ಕನ್ನಡಕ್ಕೆ ಒಂದು 'ಶಿಕಾರಿ' ಬರಲಿಲ್ಲ. ಮುಸ್ಲಿಂ ಬರಹಗಾರರಾದ ನಾವಂತೂ ಈ ಲೆಕ್ಕದಲ್ಲಿ ಹೆಚ್ಚು ತಪ್ಪಿತಸ್ಥರು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಮನೆಯೊಳಗೆ ಅದುಮಿಟ್ಟ ನೋವಿಗೆ ಮಾತು ಕೊಟ್ಟರು. ಅದಕ್ಕಾಗಿ ಅವರು ತೆತ್ತದ್ದು ಕಡಿಮೆಯೇನಲ್ಲ. 2025ರಲ್ಲಿ ಬಾನು ಅವರ ಕತೆಗಳು 'ಹಾರ್ಟ್ ಲ್ಯಾಂಪ್' ಹೆಸರಿನಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ನಾವೆಲ್ಲ ಸಿಹಿ ಹಂಚಿದೆವು. ಆದರೆ ಅವರು ತೆರೆದ ಬಾಗಿಲಿನಿಂದ ನಮ್ಮ ನಾಯಕಿ ಡಬ್ಬಿ ಹಿಡಿದು ಎಂದೋ ಹೊರಟುಹೋಗಿದ್ದಾಳೆ. ನಾವಿನ್ನೂ ಅವಳ ಖಾಲಿ ಅಡುಗೆಮನೆಯನ್ನೇ ವರ್ಣಿಸುತ್ತಿದ್ದೇವೆ. ತಲಾಕು, ಅತ್ತೆ, ಮೊಹಲ್ಲಾದ ಬಾಯಿ ಎಲ್ಲ ನಮಗೆ ಗೊತ್ತು. ಟಾರ್ಗೆಟ್ ಗೊತ್ತಿಲ್ಲ.

ಕಾಲರ್ ಹೊಲಿಯುತ್ತಿದ್ದ ಆ ನೆರೆಯಾಕೆ ಒಮ್ಮೆ ನಮ್ಮ ಕತೆಯೊಂದನ್ನು ಮಗಳಿಂದ ಓದಿಸಿಕೊಂಡು ಕೇಳಿದ್ದರು. ಮರುದಿನ ಬೀದಿಯಲ್ಲಿ ಸಿಕ್ಕಾಗ, "ಚೆನ್ನಾಗಿದೆ ಭಾಯ್. ಆದ್ರೆ ಅವಳು ಮಧ್ಯಾಹ್ನ ಪೂರ್ತಿ ಮನೇಲೇ ಅಳ್ತಾ ಕೂತಿರ್ತಾಳಲ್ಲ, ಅವಳಿಗೆ ಡ್ಯೂಟಿ ಇರಲಿಲ್ವಾ?" ಎಂದು ಕೇಳಿದರು.