ಬಂಡೆ ಹತ್ತುವ ಟೈರು ಎಷ್ಟು ಮೆತ್ತಗಿರಬೇಕು?

ಬಂಡೆಗಳ ಮೇಲೆ ಜೀಪು ಹತ್ತಿಸುವವರು ಟೈರು ಕೊಳ್ಳುವಾಗ ಮೂರನ್ನು ನೋಡುತ್ತಾರೆ: ಎಷ್ಟು ಎತ್ತರ, ಮೇಲ್ಮೈಯ ರಬ್ಬರು ಬಟನ್ನುಗಳ ನಡುವೆ ಎಷ್ಟು ಆಳ, ಎಷ್ಟು ಪ್ಲೈ, ಅಂದರೆ ಒಳಪದರ. ಮೂರೂ ಹೆಚ್ಚಿದ್ದಷ್ಟು ಒಳ್ಳೆಯದೆಂಬುದು ಸಾಮಾನ್ಯ ನಂಬಿಕೆ. ನನ್ನ ಮಟ್ಟಿಗೆ ಈ ಅಳತೆಗೋಲೇ ತಪ್ಪು. ಬಂಡೆಯ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಟೈರಿನ ಪಕ್ಕದ ಭಾಗ, ಅಂದರೆ ಸೈಡ್‌ವಾಲ್. ಅದು ಎಷ್ಟು ಬಾಗುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಗಾಳಿ ಇಳಿಸಿದಾಗ ಏನಾಗುತ್ತದೆ ನೋಡಿ. ರಸ್ತೆಯಲ್ಲಿ 35 ಪಿಎಸ್‌ಐ ಒತ್ತಡದ ಆಸುಪಾಸಿನಲ್ಲಿ ಓಡುವ ಟೈರನ್ನು ಬಂಡೆಯ ಹಾದಿಯಲ್ಲಿ 12ರಿಂದ 15ಕ್ಕೆ ಇಳಿಸುತ್ತಾರೆ. ಆಗ ನೆಲಕ್ಕೆ ತಾಗುವ ಭಾಗ ಅಗಲಕ್ಕಿಂತ ಉದ್ದದಲ್ಲೇ ಹೆಚ್ಚು ಬೆಳೆಯುತ್ತದೆ. ರಬ್ಬರು ಕಲ್ಲಿನ ಉಬ್ಬುತಗ್ಗಿನೊಳಗೆ ಇಳಿದು, ಅಂಚುಗಳನ್ನು ಸುತ್ತುವರಿದು ಹಿಡಿಯುತ್ತದೆ. ಇನ್ನೂ ಇಳಿಸಿದರೆ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ಅದಕ್ಕೆಂದೇ ಟೈರಿನ ಅಂಚನ್ನು ಉಂಗುರ, ಬೋಲ್ಟುಗಳಿಂದ ಬಿಗಿದು ಹಿಡಿಯುವ ಬೀಡ್‌ಲಾಕ್ ರಿಮ್ಮುಗಳು ಬಂದವು. ಅವುಗಳಿದ್ದರೆ 8ಕ್ಕಿಂತ ಕೆಳಗೂ ಹೋಗಬಹುದು. ಆದರೆ ಮೆತ್ತಗಾದ ಟೈರಿನ ಪಕ್ಕ ಹೊರಗೆ ಉಬ್ಬುತ್ತದೆ, ಉಬ್ಬಿದ್ದನ್ನೇ ಚೂಪುಗಲ್ಲು ಸೀಳುತ್ತದೆ. ಟೈರಿನ ಆಯ್ಕೆಯ ನಿಜವಾದ ಕಷ್ಟ ಇಲ್ಲಿದೆ. ಬಾಗಲೂ ಬೇಕು, ಸೀಳಲೂ ಬಾರದು.

ಈ ಕಷ್ಟಕ್ಕೆ ಬಹಳ ಮಂದಿ ಕಂಡುಕೊಂಡ ಉತ್ತರ ‘ಹತ್ತು ಪ್ಲೈ’. ಅದು ಲೋಡ್ ರೇಂಜ್ ‘ಇ’. ಬಲದ ದರ್ಜೆಯೇ ಹೊರತು ಒಳಗೆ ಹತ್ತು ಪದರ ಇರುವುದಿಲ್ಲ. ಭಾರ ಹೊರುವ, ಟ್ರೇಲರ್ ಎಳೆಯುವ ದೊಡ್ಡ ಪಿಕಪ್ಪುಗಳಿಗೆ ಅದು ಸರಿ. ಎರಡು ಟನ್ನಿನ ಜೀಪಿನಡಿ ಅದೇ ಟೈರು 15 ಪಿಎಸ್‌ಐನಲ್ಲೂ ಬಿರುಸಾಗಿಯೇ ಇರುತ್ತದೆ. ಅದೇ ಅಳತೆ ಅದಕ್ಕಿಂತ ಕೆಳಗಿನ ‘ಸಿ’ ದರ್ಜೆಯಲ್ಲಿ ಸಿಗುವುದಾದರೆ ಹಗುರ ಗಾಡಿಗೆ ನಾನು ಅದನ್ನೇ ಆರಿಸುತ್ತೇನೆ.

ಬಟನ್ನುಗಳ ವಿಚಾರ ಜಾಗವನ್ನು ಅವಲಂಬಿಸಿದೆ. ಅಮೆರಿಕದ ಯೂಟಾದ ಮೋವಾಬ್‌ನಲ್ಲಿ, 1967ರಲ್ಲಿ ಶುರುವಾದ ಈಸ್ಟರ್ ಜೀಪ್ ಸಫಾರಿ ನಡೆಯುವ ಕಡೆ, ಒಣ ಮರಳುಗಲ್ಲಿನ ಹಾಸು ಉಪ್ಪುಕಾಗದದಷ್ಟು ತರಿ. ಅಲ್ಲಿ ಬಟನ್ನುಗಳ ನಡುವಿನ ಅಗಲದ ಸಂದುಗಳು ಕೆಸರು ಚೆಲ್ಲುವ ಕೆಲಸವಿಲ್ಲದೆ ಸುಮ್ಮನಿರುತ್ತವೆ. ಕಲ್ಲಿಗೆ ತಾಗಬೇಕಾದ ರಬ್ಬರೇ ಅಷ್ಟು ಕಡಿಮೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡದಲ್ಲಿರುವ ರೂಬಿಕಾನ್ ಹಾದಿಯೇ ಬೇರೆ. ಅಲ್ಲಿ ಉರುಳಿ ಬಿದ್ದ ಗ್ರಾನೈಟ್ ಗುಂಡುಗಳ ಸಂದಿನಲ್ಲಿ ಚಕ್ರ ತೂರುವಾಗ ಸೈಡ್‌ವಾಲ್ ಮೇಲಿನ ಬಟನ್ನುಗಳೇ ಕಲ್ಲಿನ ಅಂಚನ್ನು ಕಚ್ಚಿ ಮೇಲೆತ್ತುತ್ತವೆ. ಕೆಸರಿಗೆಂದು ಮಾಡಿದ ಮಡ್-ಟೆರೇನ್ ಟೈರು ಬಂಡೆಯಲ್ಲಿ ಗಳಿಸಿದ ಹೆಸರು ಹೆಚ್ಚಾಗಿ ಈ ಪಕ್ಕದ ಬಟನ್ನು, ದಪ್ಪ ಸೈಡ್‌ವಾಲ್‌ಗಳದ್ದು ಎಂದೇ ನನ್ನ ಎಣಿಕೆ.

ಆ ಹಾದಿಯ ಹೆಸರು ಹೊತ್ತ ಜೀಪ್ ರ್‍ಯಾಂಗ್ಲರ್ ರೂಬಿಕಾನ್‌ಗೆ 2007ರಲ್ಲಿ ಬಿಎಫ್‌ಗುಡ್ರಿಚ್ ಮಡ್-ಟೆರೇನ್ ಹಾಕಿದ್ದ ಕಂಪನಿ, 2018ರ ಮಾದರಿಗೆ ರಸ್ತೆ, ಕಚ್ಚಾ ಹಾದಿ ಎರಡಕ್ಕೂ ಆಗುವ 33 ಇಂಚಿನ ಆಲ್-ಟೆರೇನ್ ಕೊಟ್ಟಿತು. ರಸ್ತೆಯ ಸದ್ದು, ಇಂಧನದ ಲೆಕ್ಕವೂ ಅದರ ಹಿಂದೆ ಇದ್ದೀತು. ಆದರೂ ಗಾಳಿ ಇಳಿಸಿದ ಆಲ್-ಟೆರೇನ್ ಬಹುತೇಕ ಬಂಡೆಹಾದಿಗಳಿಗೆ ಸಾಕೆಂಬುದು ನಾನು ಒಪ್ಪುವ ಮಾತು.

ಎತ್ತರದ ಲಾಭ ನಿಜ, ಆದರೆ ಅರ್ಧ. 33ರಿಂದ 37 ಇಂಚಿಗೆ ಏರಿದರೆ ಡಿಫರೆನ್ಷಿಯಲ್‌ ಅಡಿ ಹೆಚ್ಚುವರಿ ಜಾಗ ಸಿಗುವುದು ಎರಡೇ ಇಂಚು. ಅದಕ್ಕೆ ಆಕ್ಸಲ್, ಸ್ಟೇರಿಂಗ್, ಬ್ರೇಕು ಎಲ್ಲವೂ ಬೆಲೆ ತೆರುತ್ತವೆ. ಗೇರ್ ಅನುಪಾತ ಬದಲಿಸದಿದ್ದರೆ ನಿಧಾನವಾಗಿ ತೆವಳುವ ಗುಣವೇ ಹೋಗುತ್ತದೆ. ಸ್ಪರ್ಧೆಗೆಂದೇ ಮಾಡುವ ಅಂಟುಗುಣದ ಮೆದು ರಬ್ಬರು ಬಂಡೆಗೆ ಅದ್ಭುತ, ಡಾಂಬರಿನಲ್ಲಿ ಬೇಗ ಸವೆಯುತ್ತದೆ. 2007ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿಯಲ್ಲಿ ಆರಂಭವಾದ ಕಿಂಗ್ ಆಫ್ ದ ಹ್ಯಾಮರ್ಸ್ ಸ್ಪರ್ಧೆಯಲ್ಲಂತೂ ಮರುಭೂಮಿಯ ವೇಗ ಗಾಳಿಯ ಒಂದು ಒತ್ತಡ ಕೇಳುತ್ತದೆ, ಬಂಡೆ ಇನ್ನೊಂದು ಕೇಳುತ್ತದೆ.

ನಮ್ಮ ಸಕಲೇಶಪುರ, ಕೊಡಗಿನ ಕಡೆ ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ, ಅದರ ಮೇಲೆ ಜೇಡಿ. ಅಲ್ಲಿ ಕೆಸರು ಕೊಡವಿಕೊಳ್ಳುವ ಸಂದುಗಳೂ ಬೇಕು, ಒದ್ದೆ ಕಲ್ಲನ್ನು ಹಿಡಿಯಲು ಬಟನ್ನುಗಳ ಮೇಲೆ ಸಣ್ಣ ಸೀಳುಗಳೂ ಬೇಕು. ಮೋವಾಬ್‌ನ ವಿಡಿಯೊ ನೋಡಿ ಟೈರು ಆರಿಸಿದರೆ ಇಲ್ಲಿಗೆ ಹೊಂದುವುದಿಲ್ಲ. ಸುಮಾರು 1,200 ಕಿಲೋ ತೂಗುವ ಜಿಮ್ನಿಯಂಥ ಪುಟ್ಟ ಗಾಡಿಗೆ ಹತ್ತು ಪ್ಲೈ ಹೇರುವುದು ಅದರ ಹಗುರತನವೆಂಬ ದೊಡ್ಡ ಗುಣವನ್ನೇ ಕೆಡಿಸಿದಂತೆ. ಇರುವ ಟೈರಿನಲ್ಲೇ ಗಾಳಿ ಇಳಿಸಿ ನೋಡಿ, ಎಲ್ಲಿ ಸೋಲುತ್ತದೆಂದು ತಿಳಿದ ಮೇಲೆ ಹೊಸದು ಕೊಳ್ಳಬೇಕು. ಮೊದಲ ಖರ್ಚು ಮತ್ತೆ ಗಾಳಿ ತುಂಬಲು ಒಂದು ಕಂಪ್ರೆಸರ್, ಒಂದು ನಂಬಬಹುದಾದ ಗೇಜಿಗೆ ಹೋಗಲಿ. ಟೈರು ಕೊಳ್ಳುವ ದಿನ ಅದೇ ಅಳತೆಯ ಐದನೆಯದನ್ನೂ ತೆಗೆದುಕೊಳ್ಳಬೇಕು, ಏಕೆಂದರೆ ಸೈಡ್‌ವಾಲ್ ಸೀಳಿದರೆ ಪಂಕ್ಚರ್ ಬತ್ತಿ ನಿಲ್ಲುವುದಿಲ್ಲ.