ಮಾದಪ್ಪನ ಹುಲಿಗೆ ಗೋಡೆಯಲ್ಲಿ ಜಾಗವಿಲ್ಲವೆ?

ಎಲ್‌ಪಿ ರೆಕಾರ್ಡಿನ ಕವರಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ಬೆಂಗಳೂರಿನಲ್ಲಿ ಈಗ ಅಲ್ಲಲ್ಲಿ ಸಿಗುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರ ನಡುವೆ ಚಲಾವಣೆಯಲ್ಲಿರುವ ಒಂದು ತೀರ್ಪು ಮಾತ್ರ ನನಗೆ ಸಹಿಸಲಾಗದು: ಕವರಿನ ಕಲೆ ಎಲ್‌ಪಿಯೊಂದಿಗೇ ಮುಗಿಯಿತು, ಕ್ಯಾಸೆಟ್ಟು ಬಂದ ಮೇಲೆ ಉಳಿದದ್ದು ಬರೀ ಜಾತ್ರೆಯ ಬಣ್ಣ.

ಹನ್ನೆರಡು ಇಂಚಿನ ರಟ್ಟಿಗೆ ಅದರದೇ ಗತ್ತು ಇದೆ, ಸರಿ. 1939ರ ಸುಮಾರಿಗೆ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಬೋಳು ಹೊದಿಕೆಯ ಮೇಲೆ ಚಿತ್ರ ತಂದ. 1967ರಲ್ಲಿ ಒಂದು ರೆಕಾರ್ಡಿನ ಕವರಿಗೆ ಆಂಡಿ ವಾರ್ಹೋಲನ ಬಾಳೆಹಣ್ಣು ಬಂತು. ನಮ್ಮ ಸಿನಿಮಾ ರೆಕಾರ್ಡುಗಳಲ್ಲಿ ಅಂಥ ಧೈರ್ಯ ನನಗೆ ಕಂಡದ್ದು ಕಡಿಮೆ. ನಾಯಕ ನಾಯಕಿಯರ ಫೋಟೊ, ಮೇಲೆ ಹೆಸರು, ಮೂಲೆಯಲ್ಲಿ ಕಂಪನಿಯ ಗುರುತು. ಮದ್ದೂರಿನ ಕಡೆಯವರು ‘ನಾಗರಹಾವು’ ರೆಕಾರ್ಡನ್ನು ಜೋಪಾನ ಮಾಡಿದರೆ ಅದು 1972ರ ಆ ಚಿತ್ರದಲ್ಲಿ ದೊಡ್ಡರಸಿನಕೆರೆಯ ಅಂಬರೀಶ್ ಮೊದಲು ಕಾಣಿಸಿಕೊಂಡರು ಎಂಬ ಅಭಿಮಾನಕ್ಕೆ. ಆ ಅಭಿಮಾನ ನನಗೂ ಇದೆ. ಅದನ್ನು ಚಿತ್ರಕಲೆಯ ಲೆಕ್ಕಕ್ಕೆ ಸೇರಿಸಲಾರೆ.

ನಾನು ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಪಕ್ಷ. ಅವರು ಹಾಡಿದ ಮಲೆಯ ಮಾದಪ್ಪನ ಕಥೆಯ ಕ್ಯಾಸೆಟ್ಟಿನ ಕವರೊಂದು ಈಗ ನನ್ನ ಮೇಜಿನ ಮೇಲಿದೆ. ಹೆಚ್ಚೆಂದರೆ ಅಂಗೈಯಷ್ಟು ಕಾಗದ. ಹುಲಿಯ ಮೇಲೆ ಮಾದಪ್ಪ, ಹಿಂದೆ ಏಳುಮಲೆ, ಕೆಳಗಿನ ಮೂಲೆಯಲ್ಲಿ ಗಾಯಕರ ಫೋಟೊ. ಹಳದಿ ಅಕ್ಷರಕ್ಕೆ ಕೆಂಪು ಅಂಚು, ಅದಕ್ಕೆ ಕಪ್ಪು ನೆರಳು. ಅಚ್ಚಿನಲ್ಲಿ ಕೆಂಪು ಒಂದೆಳೆ ಸರಿದಿದೆ, ಹುಲಿಯ ನಾಲಗೆ ಬಾಯಿಂದ ಆಚೆಗೆ ಬಂದಿದೆ. ಚಿತ್ರ ಬರೆದವರ ಹೆಸರು ಎಲ್ಲೂ ಇಲ್ಲ.

ಇದು ಎಷ್ಟು ಬುದ್ಧಿವಂತ ಚಿತ್ರ ನೋಡಿ. ಜಾತ್ರೆಯ ಅಂಗಡಿಯಲ್ಲಿ, ಸಂಜೆಗತ್ತಲಲ್ಲಿ, ನೂರಾರು ಕ್ಯಾಸೆಟ್ಟುಗಳ ಸಾಲಿನಲ್ಲಿ ಓದು ಬಾರದ ಅಜ್ಜಿಯೂ ಬೆರಳಿಟ್ಟು ‘ಅದು ಕೊಡಪ್ಪ’ ಅನ್ನಬೇಕು. ಹುಲಿ ಕಂಡರೆ ಮಾದಪ್ಪ, ಅಕ್ಷರದ ಹಂಗಿಲ್ಲ. ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಕಥೆಯಾದರೆ ಕೇಳುವವರಿಗೆ ಊರುಗಳೂ ಗೊತ್ತು: ಅವನು ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಬೇಡಿದ ಹಲಗೂರು, ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರ, ಎರಡೂ ಮಳವಳ್ಳಿ ತಾಲ್ಲೂಕಿನವೇ. ನೀಲಗಾರರು ತಂಬೂರಿ ಹಿಡಿದು, ದೇವರಗುಡ್ಡರು ಕಂಸಾಳೆ ಬೀಸಿ ರಾತ್ರಿಯೆಲ್ಲ ಹಾಡಿದ ಕಥೆಗೆ ಆ ಪುಟ್ಟ ಚಿತ್ರ ಬಾಗಿಲಿದ್ದಂತೆ.

ಇದನ್ನು ಕ್ಯಾಲೆಂಡರ್ ಕಲೆ ಎಂದು ತಳ್ಳುವವರಿದ್ದಾರೆ. ತಳ್ಳಲಿ, ಆದರೆ ಕಲಬುರ್ಗಿಯ ಎಸ್.ಎಂ. ಪಂಡಿತರೂ ಕ್ಯಾಲೆಂಡರಿಗೆ ದೇವರನ್ನು ಬರೆದವರೇ, ಸಿನಿಮಾ ಪೋಸ್ಟರು ಬರೆದವರೇ. ಪಂಡಿತರಿಗೆ ಸಲ್ಲುವ ಗೌರವ ಈ ಹೆಸರಿಲ್ಲದವರಿಗೆ ಏಕಿಲ್ಲ? ಉತ್ತರ ನನಗೆ ಗೊತ್ತು. ಭಾವಗೀತೆಯ ಕ್ಯಾಸೆಟ್ಟಿನ ಮೇಲಿನ ತಿಳಿಬಣ್ಣ, ಒಂದು ಹೂವು, ಸುತ್ತ ಖಾಲಿ ಜಾಗ: ಇದನ್ನೇ ಅಭಿರುಚಿ ಎಂದು ನಮಗೆ ಕಲಿಸಲಾಗಿದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳು ನನಗೂ ಪ್ರಾಣ. ಹಾಗೆಂದು ಒಂದೇ ಮಂಡ್ಯ ಜಿಲ್ಲೆಯ ಎರಡು ದನಿಗಳಲ್ಲಿ ಒಂದನ್ನು ನಡುಮನೆಯಲ್ಲಿ ಕೂರಿಸಿ, ಇನ್ನೊಂದನ್ನು ಹಟ್ಟಿಯ ಆಚೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಕಡುಗೆಂಪು ಕಂಡ ಕೂಡಲೇ ಮುಖ ಸಿಂಡರಿಸುವ ಕಣ್ಣಿಗೆ ಆ ಬಣ್ಣ ಹಚ್ಚುವ ಜನರ ಬಗೆಗೂ ಅಷ್ಟೇ ತಾತ್ಸಾರವಿರುತ್ತದೆ. ಇನ್ನೊಮ್ಮೆ ಯಾರಾದರೂ ಕವರುಗಳ ಪ್ರದರ್ಶನ ಮಾಡುವುದಾದರೆ ಮಳವಳ್ಳಿಯ ಈ ಹಾಳೆಗಳನ್ನು ಎಲ್‌ಪಿಗಳ ಸಾಲಿನಲ್ಲೇ, ಅದೇ ಎತ್ತರಕ್ಕೆ, ಅದೇ ಬೆಳಕಿನಲ್ಲಿ ಹಾಕಲಿ. ಕೆಳಗೆ ಚಿತ್ರಕಾರರ ಹೆಸರು ಹುಡುಕಿ ಬರೆಯಲಿ.