ಹರ್ಡಲ್ಸ್ ನೋಡುವವರ ಕಣ್ಣು ನೆಲದ ಮೇಲಿರಲಿ

ನಮ್ಮ ಬಾಗಲಕೋಟೆ ಸೀಮೆಯವರಿಗೆ ಆಟ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪೈಲ್ವಾನ ಮುಂದೆ ಯಾವ ಪಟ್ಟು ಹಾಕುತ್ತಾನೆಂದು ಅವನ ಕಾಲು ನೋಡಿಯೇ ಹೇಳುವ ಹಿರಿಯರು ಹುನಗುಂದದಲ್ಲೂ ಇದ್ದಾರೆ, ಬಾದಾಮಿಯಲ್ಲೂ ಇದ್ದಾರೆ. ಸೈಕಲ್ ರೇಸಿನವರು ಎದುರುಗಾಳಿಗೆ ಒಬ್ಬರ ಹಿಂದೊಬ್ಬರು ಯಾಕೆ ಅಡಗುತ್ತಾರೆ ಎನ್ನುವುದು ಚಹಾದಂಗಡಿಯಲ್ಲಿ ಕೂತವರಿಗೂ ಗೊತ್ತು. ಅದೇ ಜನ ಟಿ.ವಿ.ಯಲ್ಲಿ ಹೆಣ್ಣುಮಕ್ಕಳ 100 ಮೀಟರ್ ಹರ್ಡಲ್ಸ್ ಬಂದರೆ, ‘ಯಾರು ಗೆದ್ದರು?’ ಎಂದು ಕೇಳಿ ಚಾನೆಲ್ ಬದಲಿಸಿಬಿಡುತ್ತಾರೆ. ಹದಿಮೂರು ಸೆಕೆಂಡಿನಲ್ಲಿ ನೋಡುವುದಾದರೂ ಏನಿದೆ ಎನ್ನುವವರಿಗಾಗಿ ಈ ಬರಹ.

ಮೊದಲು ಲೆಕ್ಕ ಮುಗಿಸಿಬಿಡೋಣ. ಹತ್ತು ಹರ್ಡಲ್, ಒಂದೊಂದರ ಎತ್ತರ 83.8 ಸೆಂಟಿಮೀಟರ್. ಆರಂಭದ ಗೆರೆಯಿಂದ ಮೊದಲನೆಯದಕ್ಕೆ 13 ಮೀಟರ್, ಆಮೇಲೆ ಒಂದರಿಂದ ಇನ್ನೊಂದಕ್ಕೆ 8.5 ಮೀಟರ್, ಕೊನೆಯದರಿಂದ ಗುರಿಗೆ 10.5 ಮೀಟರ್. ಒಲಿಂಪಿಕ್ಸ್‌ನಲ್ಲಿ ಈ ಓಟ ಶುರುವಾದದ್ದು 1972ರ ಮ್ಯೂನಿಕ್‌ನಲ್ಲಿ. ಅದಕ್ಕೆ ಮುಂಚೆ ಮಹಿಳೆಯರಿಗೆ 80 ಮೀಟರ್ ಇತ್ತು. ವಿಶ್ವದಾಖಲೆ ನೈಜೀರಿಯದ ಟೋಬಿ ಅಮುಸನ್ 2022ರಲ್ಲಿ ಬರೆದ 12.12 ಸೆಕೆಂಡ್.

ಈಗ ಆ 8.5 ಮೀಟರಿಗೆ ಬನ್ನಿ. ರುಚಿಯೆಲ್ಲ ಇರುವುದು ಅಲ್ಲಿ. ಹೊಸಬರ ಕಣ್ಣು ಸಹಜವಾಗಿ ಹರ್ಡಲ್‌ನ ಮೇಲೆ, ಹಾರುವ ಕಾಲಿನ ಮೇಲೆ ಹೋಗುತ್ತದೆ. ಆದರೆ ಗಾಳಿಯಲ್ಲಿರುವಾಗ ಯಾರೂ ವೇಗ ಕೂಡಿಸಿಕೊಳ್ಳಲಾರರು. ನೆಲ ಒದ್ದರೆ ಮಾತ್ರ ಓಟ. ಶಾಲೆಯ ಕ್ರೀಡಾಕೂಟದಲ್ಲಿ ಎತ್ತರಕ್ಕೆ ಚಂದ ಹಾರಿದ ಹುಡುಗಿಗೇ ಜೋರು ಚಪ್ಪಾಳೆ ಬೀಳುತ್ತದೆ, ಪಾಪ, ಆಕೆ ಅಲ್ಲೇ ಸೋಲುತ್ತಿರುತ್ತಾಳೆ. ಪಳಗಿದವರು ಹರ್ಡಲ್‌ಗೆ ಸುಮಾರು ಎರಡು ಮೀಟರ್ ಇರುವಾಗಲೇ ನೆಲ ಬಿಡುತ್ತಾರೆ, ದಾಟಿ ಒಂದು ಮೀಟರಿನ ಆಸುಪಾಸಿನಲ್ಲಿ ಇಳಿಯುತ್ತಾರೆ. ಉಳಿದದ್ದು ಐದೂವರೆ ಮೀಟರ್. ಅಷ್ಟರಲ್ಲಿ ಮೂರೇ ಹೆಜ್ಜೆ. ನೇರ ಓಟದಲ್ಲಿ ಇವರ ಒಂದೊಂದು ಹೆಜ್ಜೆ ಎರಡು ಮೀಟರ್ ದಾಟುತ್ತದೆ, ಇಲ್ಲಿ ಅಷ್ಟು ಜಾಗವಿಲ್ಲ. ಹೆಜ್ಜೆ ಚಿಕ್ಕದಾಗಬೇಕು, ವೇಗ ಇಳಿಯಬಾರದು. ಕಾಲು ಉದ್ದ ಇದ್ದವರಿಗೆ ಹರ್ಡಲ್ಸ್ ಸಲೀಸು ಎಂದುಕೊಳ್ಳುತ್ತೇವಲ್ಲ, ಅದು ಅರ್ಧ ಸತ್ಯ. ಎತ್ತರದವಳಿಗೆ ದಾಟುವುದು ಸುಲಭ, ನಡುವೆ ಓಡುವುದೇ ಇಕ್ಕಟ್ಟು.

ಆದ್ದರಿಂದ ನೋಡಬೇಕಾದದ್ದು ಇಳಿಯುವ ಕಾಲನ್ನು. ಪಾದದ ಮುಂಭಾಗ ಊರಿ, ದೇಹದ ನೇರ ಕೆಳಗೇ ಇಳಿದರೆ ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ. ಹಿಮ್ಮಡಿ ಊರಿದರೆ ಬ್ರೇಕ್ ಹಾಕಿದಂತೆ. ಹಿಂದಿನ ಕಾಲಿನ ಮೊಣಕಾಲು ಪಕ್ಕದಿಂದ ಮಡಚಿ ಬಂದು ಎದೆಯ ಮುಂದಕ್ಕೆ ತಿರುಗಬೇಕು. ಸೋತು ಪಕ್ಕಕ್ಕೇ ಬಿದ್ದರೆ ಸೊಂಟ ತಿರುಚುತ್ತದೆ, ಓಟ ವಾಲುತ್ತದೆ. ಇಷ್ಟೆಲ್ಲ ಒಮ್ಮೆಗೇ ಕಾಣುವುದಿಲ್ಲ ಎನ್ನುವವರು ತಲೆಯೊಂದನ್ನೇ ನೋಡಿ. ಎಂಟೂ ಲೇನಿನಲ್ಲಿ ಯಾರ ತಲೆ ಮೇಲೆ ಕೆಳಗೆ ಕುಣಿಯದೆ ಒಂದೇ ಮಟ್ಟದಲ್ಲಿ ಸಾಗುತ್ತದೆಯೋ ಆಕೆಯ ಮೇಲೆ ಕಣ್ಣಿಡಿ. ಬಹಳ ಸಲ ಮೋಸ ಹೋಗುವುದಿಲ್ಲ.

ಕಿವಿಗೂ ಕೆಲಸವಿದೆ. ಇಳಕಲ್‌ನ ಓಣಿಯಲ್ಲಿ ಮಗ್ಗದ ಸದ್ದು ಒಂದು ಏಟು ತಪ್ಪಿದರೆ ಎಳೆ ಹರಿಯಿತೆಂದು ಹೊರಗೆ ಕೂತ ಮುದುಕಿಗೂ ಗೊತ್ತಾಗುವ ಹಾಗೆ, ಹರ್ಡಲ್ಸ್ ಬಲ್ಲವರು ಕಣ್ಣು ಮುಚ್ಚಿಕೊಂಡೂ ಲಯ ಕೆಟ್ಟದ್ದನ್ನು ಹಿಡಿಯುತ್ತಾರೆ. ಹದಿಮೂರು ಸೆಕೆಂಡಿನಲ್ಲಿ ಓಡುವವಳು ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ತೆಗೆದುಕೊಳ್ಳುವುದು ಒಂದು ಸೆಕೆಂಡಿನ ಹತ್ತಿರ. ಮೊಬೈಲಿನಲ್ಲಿ ಒಂದು ಓಟವನ್ನು ನಿಧಾನ ಮಾಡಿ, ಪ್ರತಿ ಇಳಿತದ ಸಮಯ ಬರೆದುಕೊಳ್ಳಿ. ಕೋಚ್‌ಗಳು ಮಾಡುವುದೂ ಇದನ್ನೇ. ಮೊದಲ ಮೂರ್ನಾಲ್ಕು ಹರ್ಡಲ್‌ನಲ್ಲಿ ಹಿಂದಿದ್ದವಳು ಎಂಟನೆಯದರ ಹೊತ್ತಿಗೆ ಮುಂದೆ ಬಂದಿದ್ದರೆ, ಹೆಚ್ಚಿನ ಸಲ ಆಕೆಯ ವೇಗ ಏರಿದ್ದಲ್ಲ, ಉಳಿದವರದು ಇಳಿದದ್ದು ಎಂದು ಆ ಪಟ್ಟಿಯೇ ತೋರಿಸುತ್ತದೆ.

ಹರ್ಡಲ್ ಬೀಳಿಸಿದರೆ ಔಟ್ ಎನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ದಾಟುವಾಗ ಕಾಲು ತಾಗಿ ಬಿದ್ದರೆ ಸಾಮಾನ್ಯವಾಗಿ ತಪ್ಪಲ್ಲ. ಶಿಕ್ಷೆಯನ್ನು ಹರ್ಡಲ್ಲೇ ಕೊಡುತ್ತದೆ. 1992ರ ಬಾರ್ಸಿಲೋನಾದಲ್ಲಿ ಅಮೆರಿಕದ ಗೇಲ್ ಡೆವರ್ಸ್ ಮುಂದಿದ್ದವರು ಹತ್ತನೆಯದಕ್ಕೆ ಕಾಲು ತಾಗಿಸಿ, ಮುಗ್ಗರಿಸುತ್ತ ಗೆರೆ ಮುಟ್ಟುವ ಹೊತ್ತಿಗೆ ಐದನೆಯವರಾಗಿದ್ದರು.

ಕಣ್ಣು ಪಳಗಿತೆನ್ನಿಸಿದ ಮೇಲೆ ಒಬ್ಬರ ಓಟವನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ನನ್ನ ಶಿಫಾರಸು ಜ್ಯೋತಿ ಯರ್ರಾಜಿ. 1999ರಲ್ಲಿ ಹುಟ್ಟಿದ ವಿಶಾಖಪಟ್ಟಣದ ಹುಡುಗಿ, ತಂದೆ ಸೆಕ್ಯುರಿಟಿ ಗಾರ್ಡ್. ಕನ್ನಡದವರಲ್ಲ ನಿಜ, ಆದರೆ ಅವರ ಕಥೆಯ ಎರಡು ದೊಡ್ಡ ಘಟನೆ ನಡೆದದ್ದು ನಮ್ಮ ರಾಜ್ಯದಲ್ಲೇ. 2020ರ ಜನವರಿಯಲ್ಲಿ ಮೂಡುಬಿದಿರೆಯ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 13.03 ಸೆಕೆಂಡಿನಲ್ಲಿ ಓಡಿದರು. ಅನುರಾಧಾ ಬಿಸ್ವಾಲ್ 2002ರಲ್ಲಿ ಬರೆದಿದ್ದ ರಾಷ್ಟ್ರೀಯ ದಾಖಲೆ 13.38. ದಾಖಲೆ ಮುರಿಯಿತೇ? ಇಲ್ಲ. ಉದ್ದೀಪನ ಮದ್ದಿನ ಪರೀಕ್ಷೆ ನಡೆದಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್‌ನ ತಾಂತ್ರಿಕ ಪ್ರತಿನಿಧಿ ಇರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ 13.09. ಅಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.1 ಮೀಟರ್, ಮಿತಿ 2.0. ಮತ್ತೆ ಲೆಕ್ಕಕ್ಕಿಲ್ಲ. ಕೊನೆಗೆ ಮೇ 10ರಂದು ಸೈಪ್ರಸ್‌ನ ಲಿಮಸಾಲ್‌ನಲ್ಲಿ 13.23 ಓಡಿದಾಗ, ಇಪ್ಪತ್ತು ವರ್ಷದ ಹಳೆಯ ದಾಖಲೆ ಅವರ ಹೆಸರಿಗೆ ಬಂತು. ಮೊದಲಿನ ಎರಡಕ್ಕಿಂತ ನಿಧಾನದ ಓಟವೇ ದಾಖಲೆಯಾದದ್ದು ನೋಡಿ! ಅದೇ ಅಕ್ಟೋಬರ್‌ನಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 12.79, ಮತ್ತೆ ಗಾಳಿ ಜಾಸ್ತಿ. ಬೆನ್ನಿಗೇ 17ರಂದು ಬೆಂಗಳೂರಿನಲ್ಲಿ 12.82, ಗಾಳಿಯೂ ಮಿತಿಯೊಳಗೆ. ಹದಿಮೂರು ಸೆಕೆಂಡಿನ ಒಳಗೆ ಅಧಿಕೃತವಾಗಿ ಓಡಿದ ಮೊದಲ ಭಾರತೀಯ ಮಹಿಳೆ ಎನ್ನಿಸಿಕೊಂಡದ್ದು ಅಂದು. ಇನ್ನು ಮೇಲೆ ಪತ್ರಿಕೆಯಲ್ಲಿ ಸಮಯ ಓದಿದಾಗ ಪಕ್ಕದಲ್ಲಿ ಗಾಳಿಯ ಅಂಕಿ ಇದೆಯೇ ಹುಡುಕಿ. ಅದಿಲ್ಲದಿದ್ದರೆ ಸುದ್ದಿ ಅರ್ಧವೇ.

ಅವರ ಇನ್ನೊಂದು ಓಟವನ್ನು ಶುರುವಿನಿಂದಲೇ ನೋಡಬೇಕು: 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್. ಪಕ್ಕದ ಲೇನಿನ ಚೀನಾದ ವು ಯಾನ್ನಿ ಗುಂಡು ಸಿಡಿಯುವ ಮುಂಚೆಯೇ ಎದ್ದರು, ಅವರ ಕದಲಿಕೆಗೆ ಜ್ಯೋತಿಯೂ ಎದ್ದರು. ಅಧಿಕಾರಿಗಳು ಜ್ಯೋತಿಯನ್ನೂ ಹೊರಗೆ ಹಾಕಲು ಹೊರಟರು. ಜ್ಯೋತಿ ಪಟ್ಟು ಬಿಡದೆ ವಾದಿಸಿದರು. ಇಬ್ಬರನ್ನೂ ಓಡಲು ಬಿಟ್ಟರು. ಅಷ್ಟು ರಂಪಾಟದ ನಂತರ ಮತ್ತೆ ಬ್ಲಾಕ್‌ನಲ್ಲಿ ಕೂತು 12.91! ಓಟದ ಬಳಿಕ ವು ಅನರ್ಹರಾದರು, ಜ್ಯೋತಿಯ ಕಂಚು ಬೆಳ್ಳಿಯಾಯಿತು. 2024ರ ಪ್ಯಾರಿಸ್‌ನಲ್ಲಿ ಈ ಓಟಕ್ಕೆ ಇಳಿದ ಮೊದಲ ಭಾರತೀಯರೂ ಅವರೇ. ಸೆಮಿಫೈನಲ್ ಮಾತ್ರ ಸಿಗಲಿಲ್ಲ.

ಊರಿಗೆ ಹತ್ತಿರದವರು ಬೇಕೆಂದರೆ ಧಾರವಾಡ ಕಡೆಯ ಪಶುಪತಿಹಾಳದ ಜೆ.ಜೆ. ಶೋಭಾ. ಅವರದು ಹೆಪ್ಟಾಥ್ಲಾನ್, ಏಳು ಸ್ಪರ್ಧೆಗಳಲ್ಲಿ ಮೊದಲನೆಯದೇ 100 ಮೀಟರ್ ಹರ್ಡಲ್ಸ್. ಬೂಸಾನ್ 2002, ದೋಹಾ 2006 ಎರಡು ಏಷ್ಯನ್ ಕ್ರೀಡಾಕೂಟಗಳಲ್ಲೂ ಕಂಚು, 2004ರಲ್ಲಿ 6211 ಅಂಕಗಳ ರಾಷ್ಟ್ರೀಯ ದಾಖಲೆ. 2003ರಲ್ಲಿ ಹೈದರಾಬಾದ್‌ನ ಆಫ್ರೋ–ಏಷ್ಯನ್ ಕೂಟದಲ್ಲಿ ಕಾಲು ಉಳುಕಿದ ಮೇಲೂ ಪಟ್ಟಿ ಕಟ್ಟಿಕೊಂಡು 800 ಮೀಟರ್ ಓಡಿ ಚಿನ್ನ ಗೆದ್ದದ್ದು ಹಲವರಿಗೆ ನೆನಪಿರಬಹುದು. ನಮ್ಮ ಭಾಗದ ಮಗಳನ್ನು ನಾವು ಮೆರೆಸಿದ್ದು ಕಡಿಮೆಯೇ ಆಯಿತು.

ಇನ್ನು ನಮ್ಮ ಮೈದಾನಗಳು. ಹುನಗುಂದದ ಎರಿ ನೆಲ ಮಳೆಯಲ್ಲಿ ಅಂಟುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಾದಾಮಿಯ ಮರಳು ಮಿಶ್ರಿತ ಕೆಂಪು ನೆಲ ಕಾಲಡಿ ಸರಿಯುತ್ತದೆ. ಎರಡರಲ್ಲೂ ಮೂರು ಹೆಜ್ಜೆಯ ಲೆಕ್ಕ ಹಿಡಿಯುವುದು ಕಷ್ಟ. ಹಾಗಾಗಿ ಶಾಲೆಯ ಹುಡುಗಿ ನಾಲ್ಕು ಹೆಜ್ಜೆ ಹಾಕಿ ಕಾಲು ಬದಲಿಸುತ್ತ ದಾಟಿದರೆ ನಗಬೇಡಿ, ಒಂಬತ್ತೂ ಅಂತರಗಳಲ್ಲಿ ಅದೇ ನಾಲ್ಕನ್ನು ಉಳಿಸಿಕೊಂಡಳೇ ನೋಡಿ. ಮುಂದಿನ ತಾಲ್ಲೂಕು ಕೂಟದಲ್ಲಿ ಗುರಿಯ ಗೆರೆಯ ಬಳಿ ನೂಕಾಡದೆ ಏಳನೆಯ ಹರ್ಡಲ್‌ನ ಪಕ್ಕ ನಿಲ್ಲಿ. ಓಟಕ್ಕೆ ಮೊದಲು ಹರ್ಡಲ್‌ನ ಪಾದಗಳು ಓಡಿಬರುವವರ ಕಡೆಗೇ ಚಾಚಿವೆಯೇ ಎಂದೂ ಗಮನಿಸಿ. ಹಾಗಿದ್ದರೆ ಮಾತ್ರ ಕಾಲು ತಾಗಿದಾಗ ಅದು ಮುಂದಕ್ಕೆ ಉರುಳುತ್ತದೆ. ತಿರುವುಮುರುವಾಗಿ ಇಟ್ಟಿದ್ದರೆ ಉರುಳುವುದಿಲ್ಲ, ಮಗು ಬೀಳುತ್ತದೆ. ಅಂಥದ್ದು ಕಂಡರೆ ಯಾರನ್ನೂ ಕಾಯಬೇಡಿ, ದೈಹಿಕ ಶಿಕ್ಷಕರಿಗೆ ಒಂದು ಮಾತು ಹೇಳಿ ನೀವೇ ತಿರುಗಿಸಿ ಇಡಿ.